ಹೊಸ ಊರಿನ ಬೀದಿ, ಕಟ್ಟಡಗಳನ್ನು ಅಳೆದು ನೋಡುವ ಬಗೆ

ಪ್ರಸಿದ್ಧ ಕಟ್ಟಡಗಳ ಪಟ್ಟಿ ಹಿಡಿದು ಒಂದರಿಂದ ಇನ್ನೊಂದಕ್ಕೆ ಧಾವಿಸುವ ಪ್ರವಾಸಿಗೆ ಆ ಎರಡರ ನಡುವೆ ಇರುವ ಊರು ಕಾಣುವುದೇ ಇಲ್ಲ. ಅರಮನೆ, ಗೋಪುರ, ದೊಡ್ಡ ಚರ್ಚುಗಳು ಊರಿನ ಅಪವಾದಗಳು. ಅವನ್ನು ಕಟ್ಟಿಸಿದವರಿಗೆ ಜಾಗದ ಇಕ್ಕಟ್ಟಾಗಲಿ, ಪಕ್ಕದ ಮನೆಯವರ ತಕರಾರಾಗಲಿ ಅಷ್ಟಾಗಿ ಇರಲಿಲ್ಲ. ಸಾಮಾನ್ಯ ಬೀದಿಯ ಸಾಲುಮನೆಗೆ ಇವೆಲ್ಲ ಇದ್ದವು. ಹಾಗಾಗಿಯೇ ನೆಲದ ಬೆಲೆ, ತೊಲೆಯ ಉದ್ದ, ಬಿಸಿಲು, ಬೆಂಕಿಯ ಭಯ, ಕಟ್ಟಡ ಕಾನೂನು ಎಲ್ಲವೂ ಅದರ ಮೈಮೇಲೆ ಗುರುತು ಬಿಟ್ಟಿರುತ್ತವೆ. ಈ ಗುರುತುಗಳನ್ನು ಹಿಡಿಯಲು ವಾಸ್ತುಶಿಲ್ಪದ ಪದವಿ ಬೇಕಿಲ್ಲ. ಅಳೆಯುವ ಅಭ್ಯಾಸ ಬೇಕು, ಯಾವುದನ್ನು ಮೊದಲು ನೋಡಬೇಕು ಎಂಬ ಕ್ರಮ ಬೇಕು.

ಮೊದಲು ಬೀದಿ, ಆಮೇಲೆ ನಿವೇಶನ, ಆಮೇಲೆ ಕಟ್ಟಡ, ಕೊನೆಗೆ ಬಳಕೆ. ಅಂದರೆ ನಿಧಾನವಾಗಿ ಬದಲಾಗುವುದರಿಂದ ಶುರುಮಾಡಿ ಬೇಗ ಬದಲಾಗುವುದರ ಕಡೆಗೆ ಬರುವುದು. ಅಂಗಡಿ ಒಂದೇ ವರ್ಷದಲ್ಲಿ ಕೈ ಬದಲಾಯಿಸಬಹುದು. ಕಟ್ಟಡ ಎರಡು ಮೂರು ತಲೆಮಾರು ನಿಲ್ಲುತ್ತದೆ. ನಿವೇಶನದ ಗಡಿ ಅದಕ್ಕಿಂತ ಹೆಚ್ಚು ಬಾಳುತ್ತದೆ. ಬೀದಿಯ ಗೆರೆಯಂತೂ ಸಾವಿರ ವರ್ಷ ದಾಟಬಲ್ಲದು, ಏಕೆಂದರೆ ಬೀದಿಯನ್ನು ಸರಿಸಬೇಕಾದರೆ ಅಕ್ಕಪಕ್ಕದ ಮಾಲೀಕರನ್ನೆಲ್ಲ ಒಪ್ಪಿಸಬೇಕು. ರೋಮ್‌ನ ಪಿಯಾಜಾ ನವೋನಾ ಎಂಬ ಉದ್ದನೆಯ ಚೌಕ ಒಂದನೇ ಶತಮಾನದಲ್ಲಿ ಡೊಮಿಷಿಯನ್ ಚಕ್ರವರ್ತಿ ಕಟ್ಟಿಸಿದ ಕ್ರೀಡಾಂಗಣದ ಆಕಾರವನ್ನೇ ಇವತ್ತಿಗೂ ಉಳಿಸಿಕೊಂಡಿದೆ. ಪ್ರೇಕ್ಷಕರು ಕೂರುತ್ತಿದ್ದ ಜಾಗದಲ್ಲಿ ಮನೆಗಳೆದ್ದವು, ಓಟದ ಅಂಗಳ ಬಯಲಾಗಿಯೇ ಉಳಿಯಿತು. 1666ರ ಬೆಂಕಿಯಲ್ಲಿ ಲಂಡನ್ನಿನ ಹಳೆಯ ಪೇಟೆ ಸುಟ್ಟುಹೋದಾಗ ಕ್ರಿಸ್ಟೋಫರ್ ರೆನ್ ನೇರವಾದ ಅಗಲ ಬೀದಿಗಳ ಯೋಜನೆ ಕೊಟ್ಟರು. ಅದು ಜಾರಿಗೆ ಬರಲಿಲ್ಲ, ಜನ ತಮ್ಮ ತಮ್ಮ ಹಳೆಯ ಜಾಗದಲ್ಲೇ ಮತ್ತೆ ಮನೆ ಕಟ್ಟಿದರು. ಗೋಡೆಗಳು ಮರದಿಂದ ಇಟ್ಟಿಗೆಗೆ ಬದಲಾದವು, ಬೀದಿಗಳು ಬಹುಪಾಲು ಹಾಗೇ ಉಳಿದವು. ಈ ಕ್ರಮ ಬಿಟ್ಟು ಮೊದಲೇ ಕಟ್ಟಡದ ಕೆತ್ತನೆ ನೋಡಲು ಹೋದರೆ ಆ ಕಟ್ಟಡ ಏಕೆ ಇಷ್ಟು ಕಿರಿದು, ಏಕೆ ಇಲ್ಲಿ ಓರೆ ಎಂಬುದಕ್ಕೆ ಉತ್ತರ ಸಿಗುವುದಿಲ್ಲ.

ಹೊರಡುವ ಮೊದಲು: ಒಂದು ಕಿಲೋಮೀಟರ್ ಚೌಕದ ನಕ್ಷೆ

ಹೋಗುವ ಊರಿನ ಹಳೆಯ ಭಾಗದ ಒಂದು ಕಿ.ಮೀ. ಉದ್ದ, ಒಂದು ಕಿ.ಮೀ. ಅಗಲದ ತುಂಡನ್ನು ನಕ್ಷೆಯಿಂದ ಕತ್ತರಿಸಿ ಕಾಗದಕ್ಕೆ ಮುದ್ರಿಸಿಕೊಳ್ಳಿ. ಎಲ್ಲ ಊರಿಗೂ ಇದೇ ಅಳತೆ ಇರಲಿ. ಒಂದೊಂದು ಊರಿಗೆ ಒಂದೊಂದು ಪ್ರಮಾಣ ಬಳಸಿದರೆ ಹೋಲಿಕೆಯೇ ಸಾಧ್ಯವಾಗುವುದಿಲ್ಲ. ಫೋನಿನಲ್ಲಿ ನಕ್ಷೆ ಹಿಗ್ಗಿಸುತ್ತಾ ಕುಗ್ಗಿಸುತ್ತಾ ನೋಡುವವರಿಗೆ ಆಗುವ ತೊಂದರೆ ಇದೇ.

ಕಾಗದದ ಮೇಲೆ ಮೊದಲು ನೋಡಬೇಕಾದದ್ದು ಬೀದಿಗಳ ನಡುವಿನ ಕಟ್ಟಡ ಗುಂಪು, ಅಂದರೆ ಬ್ಲಾಕ್, ಎಷ್ಟು ದೊಡ್ಡದು ಎಂಬುದು. ಅಮೆರಿಕದ ಪೋರ್ಟ್‌ಲ್ಯಾಂಡ್‌ನ ಪೇಟೆಯಲ್ಲಿ ಬ್ಲಾಕಿನ ಬದಿ ಸುಮಾರು 61 ಮೀಟರ್. ಬಾರ್ಸಿಲೋನಾದಲ್ಲಿ ಇಲ್ಡೆಫಾನ್ಸ್ ಸೆರ್ದಾ 1859ರಲ್ಲಿ ಹಾಕಿದ ಯೋಜನೆಯಲ್ಲಿ ಸುಮಾರು 113 ಮೀಟರ್, ನಾಲ್ಕೂ ಮೂಲೆ ಓರೆಯಾಗಿ ಕತ್ತರಿಸಿದ್ದು. ಚಂಡೀಗಢದ ಸೆಕ್ಟರ್ 800 ಮೀ. × 1200 ಮೀ. ಬ್ಲಾಕ್ ಚಿಕ್ಕದಾದಷ್ಟೂ ತಿರುವುಗಳು ಹೆಚ್ಚು, ನಡೆಯುವವನಿಗೆ ದಾರಿಗಳು ಹೆಚ್ಚು, ಮೂಲೆ ಅಂಗಡಿಗಳೂ ಹೆಚ್ಚು. ಸೆಕ್ಟರ್ ಬೇರೆ ಲೆಕ್ಕ: ವಾಹನ ಹೊರಗಿನ ರಸ್ತೆಯಲ್ಲಿ ಓಡಲಿ, ಒಳಗೆ ನೆಮ್ಮದಿ ಇರಲಿ ಎಂಬ ಯೋಚನೆ. ಅದನ್ನು ಪೋರ್ಟ್‌ಲ್ಯಾಂಡಿನ ಬ್ಲಾಕಿನ ಜೊತೆ ಹಾಗೆಯೇ ತೂಗಬಾರದು, ಸೆಕ್ಟರಿನ ಒಳಗಿನ ಬೀದಿಗಳನ್ನು ಬೇರೆಯಾಗಿ ಅಳೆಯಬೇಕು.

ಎರಡನೆಯದಾಗಿ, ಸುತ್ತು ಹೊಡೆಯುವ ರಸ್ತೆಗಳನ್ನು ಹುಡುಕಿ. ಹಳೆಯ ಊರಿನ ಸುತ್ತ ಬಳಸಿಕೊಂಡು ಬರುವ ಅಗಲ ರಸ್ತೆ ಸಾಮಾನ್ಯವಾಗಿ ಕೆಡವಿದ ಕೋಟೆಗೋಡೆಯ ಜಾಗ. ವಿಯೆನ್ನಾದ ರಿಂಗ್‌ಸ್ಟ್ರಾಸೆ 1857ರ ರಾಜಾಜ್ಞೆಯ ನಂತರ ಗೋಡೆ ಕೆಡವಿ ಮಾಡಿದ್ದು. ಬೀಜಿಂಗ್‌ನ ಎರಡನೇ ವರ್ತುಲ ರಸ್ತೆಯೂ ಬಹುಮಟ್ಟಿಗೆ ಹಳೆಯ ಗೋಡೆಯ ಗೆರೆಯಲ್ಲೇ ಇದೆ. ಇಂಥ ರಸ್ತೆ ದಾಟಿದ ಕೂಡಲೇ ಬ್ಲಾಕಿನ ಗಾತ್ರ, ಕಟ್ಟಡದ ಎತ್ತರ ಎರಡೂ ಬದಲಾಗುತ್ತವೆ. ಹೋದಾಗ ಆ ಗೆರೆಯನ್ನು ಕಾಲ್ನಡಿಗೆಯಲ್ಲೇ ದಾಟಿ.

ಮೂರನೆಯದು, ಲೆಕ್ಕ ತಪ್ಪಿದ ಗೆರೆ. ಚೌಕಳಿಯಂತೆ ನೇರವಾಗಿರುವ ಬೀದಿಗಳ ನಡುವೆ ಒಂದೇ ಒಂದು ಓರೆಯಾಗಿ ಸಾಗಿದರೆ, ಆ ಓರೆ ಬೀದಿಗೆ ಹೆಚ್ಚಾಗಿ ಚೌಕಳಿಗಿಂತ ಹೆಚ್ಚು ವಯಸ್ಸಾಗಿರುತ್ತದೆ. ಮ್ಯಾನ್‌ಹಟನ್‌ನ 1811ರ ಯೋಜನೆಯ ಚೌಕಳಿಯನ್ನು ಸೀಳಿಕೊಂಡು ಹೋಗುವ ಬ್ರಾಡ್‌ವೇ ಅಂಥದ್ದು. ಅದು ಅಲ್ಲಿನ ಮೂಲನಿವಾಸಿಗಳ ಕಾಲುದಾರಿಯಿಂದ ಬೆಳೆದದ್ದು. ಕಾರಣವಿಲ್ಲದೆ ಬಳುಕುವ ಬೀದಿ ಕಂಡರೆ ಕೆಳಗೆ ಮುಚ್ಚಿಹೋದ ಹಳ್ಳ ಇದೆಯೇ ಎಂದು ಹಳೆಯ ನಕ್ಷೆಯಲ್ಲಿ ನೋಡಿ. ಎಷ್ಟೋ ಊರುಗಳ ಹಳೆಯ ನಕ್ಷೆಗಳು ಗ್ರಂಥಾಲಯಗಳ ಜಾಲತಾಣಗಳಲ್ಲಿ ಉಚಿತವಾಗಿ ಸಿಗುತ್ತವೆ. ರೋಮ್‌ಗೆ ಹೋಗುವವರು ಜಾಂಬಟ್ಟಿಸ್ಟಾ ನೋಲಿ 1748ರಲ್ಲಿ ಪ್ರಕಟಿಸಿದ ನಕ್ಷೆಯನ್ನು ಬಿಡಬಾರದು. ಅದರಲ್ಲಿ ಮನೆಗಳು ಕಪ್ಪಾಗಿ, ಬೀದಿಗಳ ಜೊತೆಗೆ ಚರ್ಚುಗಳ ಒಳಾಂಗಣವೂ ಬಿಳಿಯಾಗಿ ಮೂಡಿವೆ. ಜನ ಒಳಹೊಕ್ಕು ಓಡಾಡಬಹುದಾದ ಜಾಗ ಬೀದಿಗೇ ಸೇರಿದ್ದು ಎಂಬುದನ್ನು ಅಷ್ಟು ಚೆನ್ನಾಗಿ ತೋರಿಸುವ ನಕ್ಷೆ ಮತ್ತೊಂದು ಸಿಗುವುದು ಕಷ್ಟ.

ಫೋನಿನ ನಕ್ಷೆಯಲ್ಲಿ ಕಾಣದ ಸಂಗತಿ ಏರಿಳಿತ. ಸಮಪಾತಳಿ ರೇಖೆಗಳು, ಅಂದರೆ ಒಂದೇ ಎತ್ತರದ ಜಾಗಗಳನ್ನು ಸೇರಿಸುವ ಗೆರೆಗಳು ಇರುವ ನಕ್ಷೆಯನ್ನೂ ಒಮ್ಮೆ ನೋಡಿ. ಇಲ್ಲದಿದ್ದರೆ ಹತ್ತು ನಿಮಿಷದ ದಾರಿ ಎಂದುಕೊಂಡದ್ದು ಇನ್ನೂರು ಮೆಟ್ಟಿಲಾಗಿರಬಹುದು.

ಚೀಲದಲ್ಲಿ ಏನಿರಬೇಕು, ಹೆಜ್ಜೆ ಹೇಗೆ ಅಳೆಯಬೇಕು

5 ಮಿ.ಮೀ. ಚೌಕಳಿಯ ನೋಟ್‌ಬುಕ್ (ಒಂದು ಚೌಕ ಅಂದರೆ ಒಂದು ಮೀಟರ್ ಎಂದುಕೊಂಡರೆ ಚಿತ್ರ ತಾನಾಗಿಯೇ 1:200 ಪ್ರಮಾಣಕ್ಕೆ ಬರುತ್ತದೆ), 2ಬಿ ಪೆನ್ಸಿಲ್, 5 ಮೀಟರ್ ಟೇಪು, ದಿಕ್ಸೂಚಿ. ಮೇಲಿನ ಮಹಡಿಯ ವಿವರ ನೋಡಲು ಸಣ್ಣ ದುರ್ಬೀನು ಇದ್ದರೆ ಒಳ್ಳೆಯದು. ಲೇಸರ್ ಅಳತೆ ಉಪಕರಣ ಒಳಾಂಗಣಕ್ಕೆ ಚೆನ್ನ, ಸುಡುಬಿಸಿಲಿನಲ್ಲಿ ಅದರ ಚುಕ್ಕೆ ಎದುರು ಗೋಡೆಯ ಮೇಲೆ ಕಾಣುವುದೇ ಇಲ್ಲ. ಫೋನಿನ ದಿಕ್ಸೂಚಿ ಕಬ್ಬಿಣದ ಕಂಬ, ಕಾರು, ಟ್ರಾಮ್ ಹಳಿಗಳ ಪಕ್ಕದಲ್ಲಿ ದಿಕ್ಕು ತಪ್ಪುತ್ತದೆ. ಎರಡು ಜಾಗದಲ್ಲಿ ನಿಂತು ಪರೀಕ್ಷಿಸಿ.

ಬೀದಿಯಲ್ಲಿ ಹೆಚ್ಚಿನ ಅಳತೆ ನಡೆಯುವುದು ಹೆಜ್ಜೆಯಲ್ಲೇ. ಹೊರಡುವ ಮೊದಲು ಸಮತಟ್ಟಾದ ಜಾಗದಲ್ಲಿ 50 ಮೀಟರ್ ಗುರುತು ಮಾಡಿ, ಮಾಮೂಲಿ ನಡಿಗೆಯಲ್ಲಿ ಮೂರು ಸಲ ನಡೆದು ಹೆಜ್ಜೆ ಎಣಿಸಿ ಸರಾಸರಿ ತೆಗೆಯಿರಿ. 68 ಹೆಜ್ಜೆ ಬಂದರೆ ಒಂದು ಹೆಜ್ಜೆಗೆ ಸುಮಾರು 73 ಸೆಂ.ಮೀ. ಹೆಚ್ಚಿನವರದು 65ರಿಂದ 80ರ ನಡುವೆ ಬರುತ್ತದೆ. ಒಂದು ಮೀಟರ್ ಹೆಜ್ಜೆ ಹಾಕುತ್ತೇನೆ ಎಂದು ಕಾಲು ಚಾಚಿ ನಡೆಯುವವರ ಅಳತೆ ನೂರು ಮೀಟರ್ ಆಗುವಷ್ಟರಲ್ಲಿ ಕೆಡುತ್ತದೆ, ಕಾಲು ದಣಿದಂತೆ ಹೆಜ್ಜೆ ಕುಗ್ಗುವುದರಿಂದ. ಏರು, ಜನಜಂಗುಳಿ, ಭಾರದ ಚೀಲ ಇವೂ ಹೆಜ್ಜೆಯನ್ನು ಕುಗ್ಗಿಸುತ್ತವೆ. ನೂರಕ್ಕೆ ನಾಲ್ಕೈದರಷ್ಟು ವ್ಯತ್ಯಾಸ ಈ ಕೆಲಸಕ್ಕೆ ಅಡ್ಡಿಯಲ್ಲ.

ಬೀದಿಯ ಅಡ್ಡಛೇದ

ಇಡೀ ಕೆಲಸದ ತಿರುಳು ಇದೇ. ಊರಿನಲ್ಲಿ ಮೂರು ಬೀದಿ ಆರಿಸಿ: ಒಂದು ಮುಖ್ಯ ಬೀದಿ, ಒಂದು ಜನ ವಾಸಿಸುವ ಸಾಮಾನ್ಯ ಬೀದಿ, ಒಂದು ಹಿಂಬದಿಯ ಓಣಿ. ಮೂರನ್ನೂ ಅಡ್ಡಕ್ಕೆ ಕತ್ತರಿಸಿ ನೋಡಿದಂತೆ ಬರೆಯಬೇಕು: ಎಡಗಡೆಯ ಕಟ್ಟಡ, ಫುಟ್‌ಪಾತ್, ಚರಂಡಿ, ಮರ, ವಾಹನದ ದಾರಿ, ಮತ್ತೆ ಫುಟ್‌ಪಾತ್, ಬಲಗಡೆಯ ಕಟ್ಟಡ.

ಮೊದಲು ಗೋಡೆಯಿಂದ ಗೋಡೆಗೆ ಒಟ್ಟು ಅಗಲ. ಇದನ್ನು ವಾಹನ ಕಡಿಮೆ ಇರುವ ಹೊತ್ತಿನಲ್ಲಿ, ದಾಟುವ ಜಾಗದಲ್ಲೇ ಹೆಜ್ಜೆ ಹಾಕಿ ಅಳೆಯಿರಿ. ಓರೆಯಾಗಿ ದಾಟಿದರೆ ಅಗಲ ಹೆಚ್ಚು ತೋರುತ್ತದೆ. ಆಮೇಲೆ ಭಾಗಗಳನ್ನು ಒಂದೊಂದಾಗಿ ಅಳೆದು ಮೊತ್ತ ಮಾಡಿ, ಒಟ್ಟಿನ ಜೊತೆ ತಾಳೆ ನೋಡಿ. ಅರ್ಧ ಮೀಟರಿಗಿಂತ ಹೆಚ್ಚು ವ್ಯತ್ಯಾಸ ಬಂದರೆ ಮತ್ತೆ ಅಳೆಯಬೇಕು. ಫುಟ್‌ಪಾತಿಗೆ ಟೇಪೇ ಸರಿ. ಅಲ್ಲಿ ಎರಡು ಅಂಕಿ ಬರೆದುಕೊಳ್ಳಿ, ಒಟ್ಟು ಅಗಲ ಒಂದು, ಕಂಬ, ಕಸದ ಡಬ್ಬಿ, ನಿಲ್ಲಿಸಿದ ಬೈಕು ಕಳೆದು ನಡೆಯಲು ನಿಜವಾಗಿ ಸಿಗುವ ಅಗಲ ಇನ್ನೊಂದು. ಎದುರುಬದುರು ಬರುವ ಇಬ್ಬರು ಸಲೀಸಾಗಿ ದಾಟಲು ಸುಮಾರು 1.8 ಮೀಟರ್ ಬೇಕು. ವಾಹನದ ಒಂದು ಸಾಲಿಗೆ 3ರಿಂದ 3.5 ಮೀಟರ್ ಸಾಕಾಗುತ್ತದೆ. ಎರಡೇ ಸಾಲಿನ ರಸ್ತೆ 9 ಮೀಟರ್ ಇದ್ದರೆ ಉಳಿದದ್ದು ಯಾರ ಪಾಲಾಗಿದೆ ಎಂಬ ಪ್ರಶ್ನೆ ಬರೆದಿಡಿ.

ಎತ್ತರ ಅಳೆಯಲು ಮೂರು ದಾರಿಗಳಿವೆ. ಸುಲಭವಾದದ್ದು ಅಂತಸ್ತು ಎಣಿಸುವುದು. ಈಗಿನ ವಸತಿ ಕಟ್ಟಡಕ್ಕೆ ಅಂತಸ್ತಿಗೆ 3 ಮೀಟರ್, ಕಚೇರಿಗೆ ಮೂರೂವರೆಯಿಂದ ನಾಲ್ಕು ಎಂದು ಹಿಡಿದರೆ ಅಂದಾಜು ಸಿಗುತ್ತದೆ. ಹಳೆಯ ಕಟ್ಟಡಗಳಲ್ಲಿ ಇದು ಕೈಕೊಡುತ್ತದೆ, ಏಕೆಂದರೆ ನೆಲ ಅಂತಸ್ತು ನಾಲ್ಕೂವರೆ ಮೀಟರ್ ಇದ್ದು ಮೇಲಿನದು ಎರಡೂವರೆ ಇರಬಹುದು. ಎರಡನೆಯದು ಪೆನ್ಸಿಲ್ ದಾರಿ. ಬಾಗಿಲಿನ ಎತ್ತರವನ್ನು ಟೇಪಿನಿಂದ ಅಳೆಯಿರಿ. ಕಟ್ಟಡದ ಎತ್ತರಕ್ಕಿಂತ ಎರಡು ಪಟ್ಟು ದೂರಕ್ಕೆ ಬನ್ನಿ. ತೋಳು ನೇರ ಚಾಚಿ, ಪೆನ್ಸಿಲನ್ನು ನೆಟ್ಟಗೆ ಹಿಡಿದು, ಬಾಗಿಲಿನಷ್ಟು ಉದ್ದವನ್ನು ಹೆಬ್ಬೆರಳಿನಿಂದ ಗುರುತಿಸಿ, ಅಂಥವು ಎಷ್ಟು ಮೇಲಕ್ಕೆ ಹಿಡಿಯುತ್ತವೆ ಎಂದು ಎಣಿಸಿ. ಬಾಗಿಲು 2.1 ಮೀ., ಎಣಿಕೆ ಏಳೂವರೆ ಆದರೆ ಎತ್ತರ ಹತ್ತಿರ ಹತ್ತಿರ 16 ಮೀಟರ್. ಇಲ್ಲಿ ಎಲ್ಲರೂ ಎಡವುವುದು ಒಂದೇ ಕಡೆ: ಮೇಲಕ್ಕೆ ಎಣಿಸುತ್ತಾ ಹೋದಂತೆ ಪೆನ್ಸಿಲ್ ತಮ್ಮ ಕಡೆಗೆ ವಾಲುತ್ತದೆ, ಮೇಲಿನ ಭಾಗ ಕಡಿಮೆ ಎಣಿಕೆಯಾಗುತ್ತದೆ. ದೂರ ನಿಂತಷ್ಟೂ ಈ ತಪ್ಪು ಕಡಿಮೆ. ಮೂರನೆಯದು ಎಣಿಕೆಗೆ ಸಿಗುವ ವಸ್ತು ಹಿಡಿಯುವುದು. ಬಹುಪಾಲು ಮೆಟ್ಟಿಲುಗಳ ಎತ್ತರ 15ರಿಂದ 18 ಸೆಂ.ಮೀ. ಒಳಗೆ ಹೋಗಲು ಬಿಟ್ಟರೆ ಒಂದು ಮೆಟ್ಟಿಲು ಅಳೆದು, ಮೆಟ್ಟಿಲುಗಳನ್ನು ಎಣಿಸಿದರೆ ಅಂತಸ್ತಿನ ಎತ್ತರ ಸೆಂಟಿಮೀಟರ್ ಲೆಕ್ಕದಲ್ಲಿ ಸಿಗುತ್ತದೆ. ಇಟ್ಟಿಗೆ ಗೋಡೆಯಾದರೆ ಕೈಗೆಟಕುವ ಹತ್ತು ವರಸೆಗಳನ್ನು (ಇಟ್ಟಿಗೆಯ ಅಡ್ಡಸಾಲುಗಳನ್ನು) ಗಾರೆಯ ಸಮೇತ ಅಳೆದು, ಮೇಲಿನ ವರಸೆಗಳನ್ನು ದುರ್ಬೀನಿನಲ್ಲಿ ಎಣಿಸಿ. ಒಂದೇ ಇಟ್ಟಿಗೆ ಅಳೆದು ಗುಣಿಸಬೇಡಿ. ಕೈಯಿಂದ ಮಾಡಿದ ಇಟ್ಟಿಗೆ ಒಂದರಂತೆ ಒಂದಿರುವುದಿಲ್ಲ.

ಈಗ ಎತ್ತರವನ್ನು ಅಗಲದಿಂದ ಭಾಗಿಸಿ. ಬೀದಿ 12 ಮೀ. ಅಗಲ, ಕಟ್ಟಡ 12 ಮೀ. ಎತ್ತರ ಇದ್ದರೆ ಉತ್ತರ ಒಂದು. ಅಂಥ ಬೀದಿ ಹೊರಗಿನ ಕೋಣೆಯಂತೆ ಅನ್ನಿಸುತ್ತದೆ: ಎರಡೂ ಬದಿಯ ಗೋಡೆ ಕಣ್ಣಳತೆಯಲ್ಲಿರುತ್ತದೆ, ಆಕಾಶವೂ ಸಿಗುತ್ತದೆ. ಉತ್ತರ ಮೂರನೇ ಒಂದಕ್ಕಿಂತ ಕೆಳಗಿಳಿದರೆ ಎರಡು ಬದಿಗಳ ನಂಟು ಕಡಿಯುತ್ತದೆ. ಅಲ್ಲಿ ಬೀದಿಯನ್ನು ಹಿಡಿದಿಡುವುದು ಮರಗಳು ಮಾತ್ರ. ಮೂರು, ನಾಲ್ಕು ಬಂದರೆ ಆಕಾಶ ಒಂದು ಪಟ್ಟಿ. ಇದನ್ನೇ ದೋಷ ಎಂದು ಬರೆದುಬಿಡಬಾರದು. ಮೊರಾಕೊದ ಫೆಜ್ ನಗರದ ಹಳೆಯ ಭಾಗದಲ್ಲಿ ಓಣಿಗಳು ಅಷ್ಟು ಆಳವಾಗಿ ಇಕ್ಕಟ್ಟಾಗಿರುವುದರಿಂದಲೇ ಬೇಸಿಗೆಯ ಮಧ್ಯಾಹ್ನದಲ್ಲೂ ನೆಲಕ್ಕೆ ನೆರಳು ಸಿಗುತ್ತದೆ. ಬೆಳಕು, ಗಾಳಿ ಮನೆಗೆ ಬರುವುದು ನಡುವಿನ ಅಂಗಳದಿಂದ, ಬೀದಿಯಿಂದಲ್ಲ. ತಂಪು ದೇಶದ ಊರಿನಲ್ಲಿ ಅದೇ ಆಳದ ಓಣಿ ಕಂಡರೆ ಕಾರಣ ಬೇರೆಯೇ ಇರಬೇಕು: ಕೋಟೆಯೊಳಗೆ ಜಾಗ ಸಾಲದ ಒತ್ತಡವೋ, ಬೀದಿಯ ಅಗಲ ಹಾಗೇ ಇದ್ದು ಮನೆಗಳು ಮೇಲಕ್ಕೆ ಬೆಳೆದದ್ದೋ.

ಎತ್ತರ ಎಲ್ಲ ಕಡೆ ಒಂದೇ ಮಟ್ಟಕ್ಕೆ ನಿಂತಿದ್ದರೆ ಅದರ ಹಿಂದೆ ಕಾನೂನು ಇದೆ ಎಂದೇ ತಿಳಿಯಿರಿ. ಪ್ಯಾರಿಸ್‌ನಲ್ಲಿ 1859ರ ನಿಯಮ 20 ಮೀಟರ್ ಅಥವಾ ಅದಕ್ಕಿಂತ ಅಗಲವಾದ ಬೀದಿಗಳಲ್ಲಿ ಮುಂಭಾಗದ ಗೋಡೆಗೆ 20 ಮೀಟರ್ ಮಿತಿ ಹಾಕಿತ್ತು. ಅದರ ಮೇಲೆ ಛಾವಣಿ ಹಿಂದಕ್ಕೆ ವಾಲಬೇಕು. ಹೊಸ ಅಗಲ ಬೀದಿಗಳಲ್ಲಿ ಕಾರ್ನಿಸ್, ಅಂದರೆ ಗೋಡೆಯ ನೆತ್ತಿಯಲ್ಲಿ ಮುಂದಕ್ಕೆ ಚಾಚಿದ ಅಂಚುಪಟ್ಟಿ, ಒಂದೇ ಗೆರೆಯಾಗಿ ಕಿಲೋಮೀಟರುಗಟ್ಟಲೆ ಸಾಗುವುದು ಇದರಿಂದ. ನ್ಯೂಯಾರ್ಕ್ 1916ರಲ್ಲಿ ಬೇರೆ ದಾರಿ ಹಿಡಿಯಿತು: ಎಷ್ಟೆತ್ತರವಾದರೂ ಕಟ್ಟಿ, ಆದರೆ ಮೇಲೆ ಹೋದಂತೆ ಹಿಂದೆ ಸರಿಯಿರಿ, ಬೀದಿಗೆ ಬೆಳಕು ಬಿಡಿ ಎಂಬ ನಿಯಮ. ಮೆಟ್ಟಿಲುಮೆಟ್ಟಿಲಾಗಿ ಕಿರಿದಾಗುವ ಅಲ್ಲಿನ ಗೋಪುರಗಳು ಆ ನಿಯಮದ ಮಕ್ಕಳು. 1961ರಲ್ಲಿ ನಿಯಮ ಬದಲಾಗಿ, ನೆಲದಲ್ಲಿ ಸಾರ್ವಜನಿಕ ಅಂಗಳ ಬಿಟ್ಟವರಿಗೆ ಹೆಚ್ಚು ಕಟ್ಟುವ ಅವಕಾಶ ಸಿಕ್ಕಿತು; ನೇರ ಚಪ್ಪಡಿಯಂಥ ಕಟ್ಟಡ, ಮುಂದೆ ಖಾಲಿ ಅಂಗಳ ಇದ್ದರೆ ಅದು ಬಹುಶಃ ಆಮೇಲಿನದು. ಬರ್ಲಿನ್‌ನಲ್ಲಿ ಬೀದಿಯಿಂದ ಒಳಗೆ ಒಂದರ ಹಿಂದೊಂದು ಬರುವ ಒಳಅಂಗಳಗಳನ್ನು ಟೇಪು ಹಿಡಿದು ನೋಡಿ. 1853ರ ಕಟ್ಟಡ ನಿಯಮ ಅಂಗಳಕ್ಕೆ ವಿಧಿಸಿದ ಕನಿಷ್ಠ ಅಳತೆ 5.34 ಮೀಟರ್ ಚೌಕ, ಅಂದಿನ ಬೆಂಕಿ ಆರಿಸುವ ಗಾಡಿ ತಿರುಗಲು ಬೇಕಾದಷ್ಟು. ಸಾವಿರಾರು ಮನೆಗಳಿಗೆ ಸಿಕ್ಕಿದ ಬೆಳಕಿನ ಪ್ರಮಾಣವನ್ನು ಒಂದು ಗಾಡಿಯ ತಿರುವು ನಿಶ್ಚಯಿಸಿತು.

ನಿವೇಶನ ಎಣಿಸುವುದು

ನಿವೇಶನದ ಗಡಿ ನೆಲದ ಮೇಲೆ ಬರೆದಿರುವುದಿಲ್ಲ. ಮಳೆನೀರಿನ ಕೊಳವೆ ಎಲ್ಲಿ ಇಳಿದಿದೆ, ಬಣ್ಣ ಎಲ್ಲಿ ಬದಲಾಗಿದೆ, ಕಾರ್ನಿಸ್ ಎಲ್ಲಿ ಅರ್ಧ ಅಡಿ ಹೆಚ್ಚುಕಮ್ಮಿಯಾಗಿದೆ, ಛಾವಣಿಯ ಮೇಲೆ ಗೋಡೆ ಎಲ್ಲಿ ತಲೆಯೆತ್ತಿದೆ ಎಂದು ನೋಡಿದರೆ ಗಡಿ ಕಾಣುತ್ತದೆ. ಒಂದು ಬದಿಯಲ್ಲಿ ಹತ್ತು ಮನೆಗಳ ಒಟ್ಟು ಉದ್ದವನ್ನು ಹೆಜ್ಜೆಯಲ್ಲಿ ಅಳೆದು ಹತ್ತರಿಂದ ಭಾಗಿಸಿ. ಬಿಡಿಬಿಡಿಯಾಗಿ ಅಳೆಯುವುದಕ್ಕಿಂತ ಇದು ನಿಖರ.

ಹಳೆಯ ಪೇಟೆಗಳಲ್ಲಿ ಈ ಅಂಕಿ ಬಹಳ ಸಲ 4ರಿಂದ 7 ಮೀಟರಿನ ಒಳಗೆ ಬರುತ್ತದೆ. ಆಮ್‌ಸ್ಟರ್‌ಡ್ಯಾಮ್‌ನ ಕಾಲುವೆ ಮನೆಗಳು, ಹನೋಯ್‌ನ ಕೊಳವೆಯಂಥ ಮನೆಗಳು, ಕ್ಯೋಟೊದ ಹಳೆಯ ವರ್ತಕರ ಮನೆಗಳು ಎಲ್ಲವೂ ಮುಂದೆ ಕಿರಿದು, ಹಿಂದಕ್ಕೆ ಉದ್ದ. ಒಂದು ಕಾರಣ ಬೀದಿಯಂಚಿನ ನೆಲಕ್ಕೆ ಎಲ್ಲಕ್ಕಿಂತ ಹೆಚ್ಚು ಬೇಡಿಕೆ ಇದ್ದದ್ದು. ವ್ಯಾಪಾರ ಮಾಡುವ ಪ್ರತಿಯೊಬ್ಬನಿಗೂ ಬೀದಿಗೆ ತೆರೆದ ಬಾಗಿಲು ಬೇಕು. ಇನ್ನೊಂದು ಕಾರಣ ತೊಲೆ. ಪಕ್ಕದ ಗೋಡೆಯಿಂದ ಗೋಡೆಗೆ ಹಾಕಿದ ಮರದ ತೊಲೆ ಐದಾರು ಮೀಟರ್ ದಾಟಿದರೆ ಬಾಗುತ್ತದೆ, ನಡುವೆ ಕಂಬ ಕೇಳುತ್ತದೆ. "ಮನೆಯ ಅಗಲದ ಮೇಲೆ ತೆರಿಗೆ ಇತ್ತು, ಅದಕ್ಕೇ ಕಿರಿದು" ಎಂಬ ವಿವರಣೆಯನ್ನು ಗೈಡುಗಳು ಊರೂರಿನಲ್ಲೂ ಹೇಳುತ್ತಾರೆ. ಕೆಲವು ಕಡೆ ಅಂಥ ತೆರಿಗೆ ಇದ್ದಿರಬಹುದು. ಆದರೆ ನೆಲದ ಬೇಡಿಕೆ ಮತ್ತು ತೊಲೆಯ ಉದ್ದವನ್ನು ಪರಿಶೀಲಿಸುವ ಮೊದಲೇ ಅದನ್ನು ಒಪ್ಪಿಕೊಳ್ಳಬೇಡಿ. ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಇನ್ನೊಂದು ಸಂಗತಿ ನೋಡಿ: ಮನೆಯ ನೆತ್ತಿಯಲ್ಲಿ ಮುಂದಕ್ಕೆ ಚಾಚಿದ ತೊಲೆ, ಅದರ ತುದಿಗೆ ಕೊಕ್ಕೆ. ಒಳಗಿನ ಮೆಟ್ಟಿಲು ಕಡಿದಾಗಿ ಇಕ್ಕಟ್ಟಾಗಿರುವುದರಿಂದ ಸಾಮಾನೆಲ್ಲ ಹಗ್ಗದಲ್ಲಿ ಹೊರಗಿನಿಂದಲೇ ಮೇಲೇರಬೇಕು, ಕಿಟಕಿಯಿಂದ ಒಳಗೆ ಹೋಗಬೇಕು. ನಿವೇಶನ ಕಿರಿದಾದದ್ದರ ಪರಿಣಾಮ ಛಾವಣಿಯ ತುದಿಯವರೆಗೆ ಹೋಗಿದೆ.

ಸಾಲಿನ ನಡುವೆ ಇದ್ದಕ್ಕಿದ್ದಂತೆ 25 ಮೀಟರ್ ಅಗಲದ ಕಟ್ಟಡ ಬಂದರೆ ನಾಲ್ಕೈದು ನಿವೇಶನ ಕೂಡಿಸಿದ್ದಾರೆ ಎಂದರ್ಥ. ಹೆಚ್ಚಾಗಿ ಬ್ಯಾಂಕು, ಹೋಟೆಲ್, ದೊಡ್ಡ ಮಳಿಗೆ ಇರುತ್ತದೆ. ಇಂಥವು ಎಷ್ಟಿವೆ, ಬೀದಿಯ ಯಾವ ತುದಿಯಲ್ಲಿವೆ ಎಂದು ಗುರುತು ಹಾಕಿದರೆ ದುಡ್ಡು ಊರಿನ ಯಾವ ಕಡೆಗೆ ಸರಿಯಿತು ಎಂಬುದು ನಕ್ಷೆಯಲ್ಲೇ ಕಾಣುತ್ತದೆ.

ಕಟ್ಟಡ: ದೂರದಿಂದ ಒಮ್ಮೆ, ಒಂದು ಮೊಳ ದೂರದಿಂದ ಒಮ್ಮೆ

ಎದುರು ಬದಿಯಲ್ಲಿ ನಿಂತು ಕೆಳಗಿನಿಂದ ಮೇಲಕ್ಕೆ ನೋಡಿ. ಅಂತಸ್ತು ಅಂತಸ್ತಿಗೆ ಕಿಟಕಿಯ ಎತ್ತರ ಹೇಗೆ ಬದಲಾಗುತ್ತದೆ? ಲಿಫ್ಟ್ ಬರುವ ಮೊದಲಿನ ಕಟ್ಟಡಗಳಲ್ಲಿ ಬೀದಿಯ ಗದ್ದಲದಿಂದ ಒಂದೆರಡು ಮಹಡಿ ಮೇಲಿನ ಅಂತಸ್ತೇ ಶ್ರೇಷ್ಠ. ಅಲ್ಲಿ ಕಿಟಕಿ ಎತ್ತರ, ಬಾಲ್ಕನಿ ಉದ್ದ, ಅಲಂಕಾರ ಹೆಚ್ಚು. ಮೇಲೆ ಹೋದಂತೆ ಎಲ್ಲವೂ ಕುಗ್ಗಿ, ಸೂರಿನಡಿ ಕೆಲಸದವರ ಪುಟ್ಟ ಕೋಣೆಗಳು. ಲಿಫ್ಟ್ ಬಂದ ಮೇಲೆ ಬೆಲೆ ತಲೆಕೆಳಗಾಯಿತು, ಅತ್ಯಂತ ಮೇಲಿನದೇ ದುಬಾರಿಯಾಯಿತು.

ಆಮೇಲೆ ಗೋಡೆಯ ಹತ್ತಿರ ಹೋಗಿ. ಇಟ್ಟಿಗೆಯ ಉದ್ದ ಮುಖ, ಕಿರು ಮುಖ ಎರಡೂ ಕಾಣುತ್ತಿವೆಯೇ? ಪ್ರತಿ ವರಸೆಯಲ್ಲೂ ಒಂದು ಉದ್ದ, ಒಂದು ಕಿರಿದು ಎಂದು ಬದಲಾಗುತ್ತಿದ್ದರೆ ಅದು ಫ್ಲೆಮಿಷ್ ಕಟ್ಟು. ಒಂದು ವರಸೆ ಪೂರ್ತಿ ಉದ್ದ, ಮುಂದಿನದು ಪೂರ್ತಿ ಕಿರಿದು ಆದರೆ ಇಂಗ್ಲಿಷ್ ಕಟ್ಟು. ಕಿರು ಮುಖ ಹೊರಗೆ ಬಂದಿದೆ ಎಂದರೆ ಇಟ್ಟಿಗೆ ಗೋಡೆಯ ಆಳಕ್ಕೆ ಹೋಗಿ ಹಿಂದಿನ ಇಟ್ಟಿಗೆಯನ್ನು ಕಟ್ಟಿಹಾಕಿದೆ. ಗೋಡೆ ದಪ್ಪಗಿದೆ, ಭಾರ ಹೊರುತ್ತಿದೆ. ಬರೀ ಉದ್ದ ಮುಖಗಳೇ ಇದ್ದರೆ ಅದು ಅರ್ಧ ಇಟ್ಟಿಗೆಯ ಹೊದಿಕೆ. ಒಳಗೆ ಬೇರೊಂದು ಗೋಡೆಯೋ ಕಾಂಕ್ರೀಟ್ ಚೌಕಟ್ಟೋ ಇರುತ್ತದೆ, ಹೆಚ್ಚಾಗಿ ಇಪ್ಪತ್ತನೇ ಶತಮಾನದ ಕೆಲಸ. ಕತ್ತರಿಸಿದ ಇಟ್ಟಿಗೆ ಕೂರಿಸಿ ಹಳೆಯ ಕಟ್ಟಿನಂತೆ ತೋರಿಸುವುದೂ ಉಂಟು. ಅನುಮಾನ ಬಂದರೆ ಮೂಲೆಯನ್ನೂ ಕಿಟಕಿಯ ಒಳಬದಿಯನ್ನೂ ನೋಡಿ, ದಪ್ಪ ಅಲ್ಲಿ ಬಯಲಾಗುತ್ತದೆ. ಕಲ್ಲಿನ ಗೋಡೆಗೂ ಇದೇ ಪರೀಕ್ಷೆ: ಮೂಲೆಯಲ್ಲಿ ಕಲ್ಲು ಎರಡೂ ಕಡೆಗೆ ತಿರುಗಿದ್ದರೆ ಅದು ಗಟ್ಟಿ ಕಲ್ಲು. ಎರಡು ತೆಳು ಹಲಗೆ ಅಂಚಿಗೆ ಅಂಚು ಸೇರಿ ನಡುವೆ ರಬ್ಬರಿನಂಥ ಅಂಟು ಕಂಡರೆ ಮೂರು ನಾಲ್ಕು ಸೆಂ.ಮೀ. ದಪ್ಪದ ಹೊದಿಕೆ.

ಕಿಟಕಿಯ ಚೌಕಟ್ಟು ಗೋಡೆಯ ಮುಖದಿಂದ ಎಷ್ಟು ಒಳಗಿದೆ ಎಂಬ ಸಣ್ಣ ಅಳತೆ ಎಷ್ಟು ಮಾತಾಡುತ್ತದೆ ಎಂಬುದಕ್ಕೆ ಲಂಡನ್ ಒಳ್ಳೆಯ ಉದಾಹರಣೆ. ಬೆಂಕಿ ಕಿಟಕಿಯ ಮರದಿಂದ ಮರಕ್ಕೆ ಹಬ್ಬುತ್ತದೆಂದು 1707ರ ಕಾನೂನು ಸೂರಿನ ಮರದ ಕಾರ್ನಿಸನ್ನು ನಿಷೇಧಿಸಿತು, 1709ರ ಕಾನೂನು ಚೌಕಟ್ಟನ್ನು ಗೋಡೆಯ ಮುಖದಿಂದ 4 ಅಂಗುಲ ಒಳಗೆ ಕೂರಿಸಬೇಕೆಂದಿತು. 1774ರ ಕಾನೂನು ಚೌಕಟ್ಟಿನ ಪೆಟ್ಟಿಗೆಯನ್ನು (ಮೇಲೆ ಕೆಳಗೆ ಸರಿಯುವ ಕಿಟಕಿಯ ತೂಕದ ಗುಂಡುಗಳಿರುವ ಮರದ ಗೂಡನ್ನು) ಇಟ್ಟಿಗೆಯ ಹಿಂದೆ ಅಡಗಿಸಲು ಹೇಳಿತು. ಹಾಗಾಗಿ ಚೌಕಟ್ಟು ಗೋಡೆಯ ಮುಖಕ್ಕೇ ಬಂದಿದ್ದರೆ ಹಳೆಯದು, ಒಳಗೆ ಸರಿದು ದಪ್ಪ ಮರ ಕಾಣುತ್ತಿದ್ದರೆ ನಡುವಿನದು, ತೆಳು ಪಟ್ಟಿಯಷ್ಟೇ ಕಾಣುತ್ತಿದ್ದರೆ ಆಮೇಲಿನದು. ಈ ಲೆಕ್ಕ ಆ ಕಾನೂನು ನಡೆಯುತ್ತಿದ್ದ ಲಂಡನ್ನಿಗೆ ಸರಿ. ಬೇರೆ ಊರುಗಳು ಬಹಳ ತಡವಾಗಿ ಅನುಸರಿಸಿದವು, ಅಲ್ಲಿ ಇದರಿಂದ ಕಾಲ ನಿರ್ಣಯಿಸಿದರೆ ದಶಕಗಳಷ್ಟು ತಪ್ಪಾಗುತ್ತದೆ. ಮುಚ್ಚಿದ ಕಿಟಕಿಗಳದೂ ಇದೇ ಎಚ್ಚರಿಕೆ. ಇಂಗ್ಲೆಂಡಿನಲ್ಲಿ 1696ರಿಂದ 1851ರವರೆಗೆ ಕಿಟಕಿಗಳ ಮೇಲೆ ತೆರಿಗೆ ಇದ್ದದ್ದು ನಿಜ, ಆದರೆ ಮುಚ್ಚಿದ್ದೆಲ್ಲ ತೆರಿಗೆಯಿಂದಲ್ಲ. ತುಂಬಿದ ಇಟ್ಟಿಗೆ ಗೋಡೆಯ ಇಟ್ಟಿಗೆಯಂಥದ್ದೇ ಆಗಿ, ಕಟ್ಟು ಒಂದೇ ಸಮ ಮುಂದುವರಿದಿದ್ದರೆ ಸಾಲಿನ ಅಂದಕ್ಕಾಗಿ ಕುರುಡಾಗಿಯೇ ಕಟ್ಟಿದ ಕಿಟಕಿ ಅದು. ಇಟ್ಟಿಗೆಯ ಬಣ್ಣ ಬೇರೆ, ಅಂಚಿನಲ್ಲಿ ಮೇಲಿನಿಂದ ಕೆಳಗೆ ನೇರ ಸಂದು ಇದ್ದರೆ ಆಮೇಲೆ ಮುಚ್ಚಿದ್ದು.

ಈ ನೇರ ಸಂದು ಎಲ್ಲ ಊರಿನಲ್ಲೂ ಉಪಯೋಗಕ್ಕೆ ಬರುವ ಗುರುತು. ಇಟ್ಟಿಗೆ ಅಥವಾ ಕಲ್ಲು ಒಂದರೊಳಗೊಂದು ಹೆಣೆದುಕೊಳ್ಳದೆ ಮೇಲಿನಿಂದ ಕೆಳಗೆ ಒಂದೇ ಗೆರೆ ಬಿದ್ದಿದ್ದರೆ ಎರಡು ಬೇರೆ ಕಾಲದ ಕೆಲಸ ಅಲ್ಲಿ ಸೇರಿದೆ. ಪಕ್ಕದ ಮನೆ ಕೆಡವಿದ ಬಯಲುಗೋಡೆ ಸಿಕ್ಕರೆ ಐದು ನಿಮಿಷ ನಿಲ್ಲಿ: ಹೋದ ಮನೆಯ ಛಾವಣಿಯ ಓರೆ, ಅಂತಸ್ತಿನ ತೊಲೆ ಕೂರಿಸಿದ್ದ ಸಾಲುಗುಂಡಿಗಳು, ಮೆಟ್ಟಿಲಿನ ಜಾಡು, ಒಲೆಯ ಮಸಿ ಎಲ್ಲ ಅದರ ಮೇಲೆ ಮೂಡಿರುತ್ತದೆ.

ದಿಕ್ಸೂಚಿ ಬೇಕಾಗುವುದು ಇಲ್ಲಿ. ಉತ್ತರ ಗೋಳಾರ್ಧದ ಬಹುಪಾಲು ಊರುಗಳಲ್ಲಿ ಉತ್ತರಕ್ಕೆ ಮುಖ ಮಾಡಿದ ಗೋಡೆಗೆ ಬಿಸಿಲು ಅಪರೂಪ, ದಕ್ಷಿಣಕ್ಕೆ ಮುಖ ಮಾಡಿದ್ದಕ್ಕೆ ಧಾರಾಳ. ಒಂದೇ ಬೀದಿಯ ಎರಡು ಬದಿಗಳಲ್ಲಿ ಸಜ್ಜಾ, ಜಾಲರಿ, ಬಾಲ್ಕನಿ ಬೇರೆಬೇರೆ ಇವೆಯೇ ನೋಡಿ. ಬೇರೆಯಾಗಿದ್ದರೆ ಅವು ಬಿಸಿಲಿಗೆ ಕೊಟ್ಟ ಉತ್ತರ, ಒಂದೇ ಆಗಿದ್ದರೆ ಅಲಂಕಾರ. ಕೈರೋದ ಹಳೆಯ ಮನೆಗಳ ಮರದ ಜಾಲರಿ ಕಿಟಕಿಗಳಾಗಲಿ, ಇರಾನಿನ ಯಜ್ದ್ ಊರಿನಲ್ಲಿ ಗಾಳಿ ಹಿಡಿದು ಮನೆಯೊಳಗೆ ಇಳಿಸುವ ಗೋಪುರಗಳಾಗಲಿ ಯಾವ ಕಡೆಗೆ ತೆರೆದಿವೆ ಎಂದು ದಿಕ್ಕು ಬರೆಯದಿದ್ದರೆ ಅವುಗಳ ಕೆಲಸ ಅರ್ಥವಾಗುವುದಿಲ್ಲ.

ಬಳಕೆ ಎಣಿಸುವುದು

ನೂರು ಮೀಟರ್ ನಡೆದು ಬೀದಿಗೆ ತೆರೆಯುವ ಬಾಗಿಲು ಎಷ್ಟಿವೆ ಎಣಿಸಿ. ಹದಿನೈದು ಇಪ್ಪತ್ತು ಇದ್ದರೆ ಬೀದಿ ತುಂಬಿರುತ್ತದೆ, ಎರಡಕ್ಕೆ ಇಳಿದರೆ ಜನ ಬೇಗಬೇಗ ಹೆಜ್ಜೆ ಹಾಕುತ್ತಾರೆ. ಬಾಗಿಲು ಅಗಲ ಗಾಜಿನದಾದರೂ ಬೀಗ ಹಾಕಿದ್ದರೆ ಲೆಕ್ಕಕ್ಕಿಲ್ಲ.

ಆಮೇಲೆ ಒಂದು ಗೆರೆ ಊಹಿಸಿಕೊಂಡು, ಹತ್ತು ನಿಮಿಷ ಅದನ್ನು ದಾಟುವವರನ್ನು ಎಣಿಸಿ ಆರರಿಂದ ಗುಣಿಸಿದರೆ ಗಂಟೆಯ ಅಂದಾಜು ಸಿಗುತ್ತದೆ. ಬೆಳಗ್ಗೆ, ಮಧ್ಯಾಹ್ನ, ಸಂಜೆ, ಕತ್ತಲಾದ ಮೇಲೆ, ಹೀಗೆ ನಾಲ್ಕು ಸಲ ಒಂದೇ ಜಾಗದಲ್ಲಿ. ಒಂದು ಸಲ ಎಣಿಸಿ ಈ ಬೀದಿ ಖಾಲಿ ಎಂದು ಬರೆಯುವುದು ಅನ್ಯಾಯ. ಮಾರುಕಟ್ಟೆಯ ದಿನ, ರಜೆ, ಮಳೆ ಇದ್ದರೆ ಪಕ್ಕದಲ್ಲೇ ಬರೆಯಿರಿ. ನಿಂತವರು, ಕೂತವರು ಬೇರೆ ಲೆಕ್ಕ. ವಿಲಿಯಂ ವೈಟ್ 1970ರ ದಶಕದಲ್ಲಿ ನ್ಯೂಯಾರ್ಕಿನ ಅಂಗಳಗಳನ್ನು ಕ್ಯಾಮೆರಾ ಇಟ್ಟು ಗಮನಿಸಿದಾಗ ಕಂಡದ್ದು ಸರಳ: ಕೂರಲು ಜಾಗ ಇದ್ದಲ್ಲಿ ಜನ ಕೂರುತ್ತಾರೆ. ಹಾಗಾಗಿ ಬೆಂಚು ಮಾತ್ರವಲ್ಲ, ಮೆಟ್ಟಿಲು, ಕಟ್ಟೆ, ಕಿಟಕಿಯ ಅಂಚು, ಮರದ ಬುಡ ಎಲ್ಲವನ್ನೂ ಅಳೆಯಿರಿ. ಸುಮಾರು 40–45 ಸೆಂ.ಮೀ. ಎತ್ತರ ಇದ್ದರೆ ಹಾಯಾಗಿ ಕೂರಬಹುದು. ಕೂರದಂತೆ ಮೊಳೆ, ಕಂಬಿ ಹಾಕಿದ್ದರೆ ಅದನ್ನೂ ಚಿತ್ರದಲ್ಲಿ ಸೇರಿಸಿ. ಯಾರನ್ನು ದೂರವಿಡಲು ಹಾಕಿದ್ದಾರೆ ಎಂಬುದು ನಗರರಚನೆಯ ಪ್ರಶ್ನೆಯೇ.

ಫೋಟೊ, ಮಾತು, ಟಿಪ್ಪಣಿ

ಒಂದು ಕಟ್ಟಡಕ್ಕೆ ನಾಲ್ಕು ಫೋಟೊ ಸಾಕು: ಅಕ್ಕಪಕ್ಕದ ಮನೆ ಸೇರಿದಂತೆ ಪೂರ್ತಿ ಮುಂಭಾಗ, ನೆಲ ಅಂತಸ್ತು, ಮೂಲೆ, ಮತ್ತು ಪೆನ್ಸಿಲ್ ಪಕ್ಕಕ್ಕಿಟ್ಟು ಒಂದು ಹತ್ತಿರದ ವಿವರ. ಫೋನನ್ನು ಮೇಲಕ್ಕೆ ವಾಲಿಸಿದರೆ ಗೋಡೆಗಳು ಹಿಂದಕ್ಕೆ ಬಿದ್ದಂತೆ ಕಾಣುತ್ತವೆ. ನೆಟ್ಟಗೆ ಹಿಡಿದು ದೂರ ಸರಿಯಿರಿ, ಕೆಳಗೆ ಹೆಚ್ಚು ರಸ್ತೆ ಬಂದರೂ ಚಿಂತೆಯಿಲ್ಲ, ಆಮೇಲೆ ಕತ್ತರಿಸಬಹುದು. ಗೋಡೆಯ ಉಬ್ಬುತಗ್ಗು ಚೆನ್ನಾಗಿ ಕಾಣುವುದು ಬೆಳಕು ಗೋಡೆಯನ್ನು ಸವರಿಕೊಂಡು ಓರೆಯಾಗಿ ಬರುವ ಹೊತ್ತಿನಲ್ಲಿ. ಮನೆಯೊಳಗೆ, ಮಕ್ಕಳ ಕಡೆಗೆ ಕ್ಯಾಮೆರಾ ತಿರುಗಿಸಬೇಡಿ. ಸೇತುವೆ, ರೈಲು ನಿಲ್ದಾಣ, ಸರ್ಕಾರಿ ಕಟ್ಟಡಗಳ ಫೋಟೊಗೆ ಕೆಲವು ದೇಶಗಳಲ್ಲಿ ನಿಷೇಧವಿದೆ, ಮೊದಲೇ ತಿಳಿದುಕೊಳ್ಳಿ. ಟೇಪು ಹಿಡಿದು ಮನೆಯ ಮುಂದೆ ನಿಂತವರನ್ನು ಜನ ಸರ್ವೆಯವರೆಂದು ಭಾವಿಸುವುದು ಸಹಜ. ಏನು ಮಾಡುತ್ತಿದ್ದೀರಿ ಎಂದು ನೀವೇ ಮೊದಲು ಹೇಳಿ.

ಅಲ್ಲಿನವರನ್ನು ಕೇಳುವಾಗ "ಈ ಕಟ್ಟಡ ಎಷ್ಟು ಹಳೆಯದು" ಎಂದರೆ "ಇನ್ನೂರು ವರ್ಷ" ಎಂಬ ಉತ್ತರವೇ ಬರುತ್ತದೆ. ಈ ಬಾಗಿಲು ಮೊದಲೂ ಇಲ್ಲೇ ಇತ್ತಾ, ಮಳೆ ಬಂದರೆ ನೀರು ಎಲ್ಲಿ ನಿಲ್ಲುತ್ತದೆ, ಬೇಸಿಗೆಯಲ್ಲಿ ಯಾವ ಕೋಣೆಯಲ್ಲಿ ಮಲಗುತ್ತೀರಿ ಎಂದು ಕೇಳಿ. ಇವಕ್ಕೆ ಸಿಗುವ ಉತ್ತರಗಳನ್ನು ಗೋಡೆಯಲ್ಲೇ ಪರೀಕ್ಷಿಸಬಹುದು.

ಅಡ್ಡಛೇದವನ್ನು ಅದೇ ರಾತ್ರಿ ಶುದ್ಧಪ್ರತಿ ಮಾಡಿ. ಮರುದಿನಕ್ಕೆ ಬಿಟ್ಟರೆ 3.2 ಬರೆದದ್ದು ಫುಟ್‌ಪಾತೋ ಅಂತಸ್ತೋ ಎಂದು ಮರೆತುಹೋಗುತ್ತದೆ. ಪ್ರತಿ ಹಾಳೆಯಲ್ಲೂ ಬೀದಿಯ ಹೆಸರು, ಉತ್ತರ ದಿಕ್ಕು, ದಿನಾಂಕ, ಹೊತ್ತು ಇರಲಿ. ಅಳೆದ ಅಂಕಿಗೆ ಅಡಿಗೆರೆ ಎಳೆಯಿರಿ, ಅಂದಾಜಿಗೆ ಪ್ರಶ್ನಾರ್ಥಕ ಹಾಕಿ. ಎರಡೂ ಬೆರೆತರೆ ಮುಂದೆ ಯಾವುದನ್ನೂ ನಂಬಲಾಗುವುದಿಲ್ಲ.

ಕೈಯಲ್ಲಿ ಒಂದೇ ದಿನ ಇದ್ದರೆ ಹೀಗೆ ಹಂಚಿಕೊಳ್ಳಿ: ಬೆಳಗ್ಗೆ ಜನ ಸೇರುವ ಮೊದಲು ಮುಖ್ಯ ಬೀದಿಯ ಅಗಲ, ಎತ್ತರ. ಆಮೇಲೆ ಸಾಮಾನ್ಯ ಬೀದಿಯಲ್ಲಿ ಹತ್ತು ನಿವೇಶನಗಳ ಎಣಿಕೆ ಮತ್ತು ಒಂದೇ ಒಂದು ಕಟ್ಟಡದ ಗೋಡೆ, ಕಿಟಕಿ. ಮಧ್ಯಾಹ್ನ ಟ್ರಾಮ್ ಅಥವಾ ಬಸ್ಸು ಹತ್ತಿ ನಡುಪೇಟೆಯಿಂದ ಕೊನೆಯ ನಿಲ್ದಾಣದವರೆಗೆ, ಪ್ರತಿ ನಿಲ್ದಾಣದಲ್ಲಿ ಅಂತಸ್ತು ಎಷ್ಟು, ಮನೆಗಳು ಅಂಟಿಕೊಂಡಿವೆಯೋ ಬಿಡಿಯಾಗಿವೆಯೋ ಎಂಬುದನ್ನಷ್ಟೇ ಬರೆಯುತ್ತಾ ಹೋಗಿ. ಕತ್ತಲಾಗುವ ಮೊದಲು ಮುಖ್ಯ ಬೀದಿಗೆ ಮರಳಿ ಹತ್ತು ನಿಮಿಷದ ಎಣಿಕೆ, ದೀಪ ಹತ್ತಿದ ಮೇಲೆ ಇನ್ನೊಮ್ಮೆ. ಓಣಿಗೆ ಸಮಯ ಸಿಗದಿದ್ದರೆ ಅದರ ಅಗಲವನ್ನಾದರೂ ಎರಡು ತೋಳು ಚಾಚಿ ಅಳೆದು ಬನ್ನಿ. ತೋಳು ಚಾಚಿದ ಅಳತೆ ಹೆಚ್ಚುಕಮ್ಮಿ ನಿಮ್ಮ ಎತ್ತರದಷ್ಟೇ ಇರುತ್ತದೆ.